ಜಗಲಿಯ ಮೇಲೆ ಮೂರು ಗುಡ್ಡೆ ಚೀಟಿ

ಶಿರಸಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಜಗಲಿಯಲ್ಲೇ ಮಕ್ಕಳಿಗೆ ಆಪ್ತ ಸಮಾಲೋಚನೆ ನಡೆಸುತ್ತಾರೆ. ಹೊರಗೆ ಫಲಕವಿಲ್ಲ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಗಳನ್ನು ಆರು ಸಲ ಕರೆದುಕೊಂಡು ಹೋಗಿದ್ದೇನೆ. ಒಂದು ತಾಸಿಗೆ 300 ರೂಪಾಯಿ.

ಮಗಳಿಗೆ ಎಂಟು ವರ್ಷ. ಮೂರನೇ ತರಗತಿಯವರೆಗೆ ಸಿದ್ದಾಪುರದ ಕಡೆಯ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಓದಿದವಳು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೆಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಕಲಿಕೆಯ ಹಂತಗಳನ್ನು ಒಂದರ ಮೇಲೊಂದಾಗಿ ತೋರಿಸುವ ಪಟವಾದ ಕಲಿಕಾ ಏಣಿ ನೋಡಿ ತಮ್ಮ ಕಾರ್ಡನ್ನು ತಾವೇ ಎತ್ತಿಕೊಳ್ಳುತ್ತಾರೆ. ಒಂದು ಮೈಲಿಗಲ್ಲು ಮುಗಿಸಿದವರು ಮುಂದಿನದಕ್ಕೆ ಹೋಗಬಹುದು, ಯಾರಿಗೂ ಕಾಯಬೇಕಾಗಿಲ್ಲ. ನನ್ನ ಮಗಳಂತೂ ಏಣಿ ಹತ್ತಿದ್ದೇ ಹತ್ತಿದ್ದು.

ಈ ವರ್ಷ ಪೇಟೆಗೆ ಬಂದು ಖಾಸಗಿ ಶಾಲೆಗೆ ಸೇರಿಸಿದೆವು. ಎರಡನೇ ವಾರದಿಂದ ಸೋಮವಾರ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು. ವೈದ್ಯರು ನೋಡಿ ಏನೂ ಇಲ್ಲ ಎಂದರು. ಒಂದು ರಾತ್ರಿ ಅವಳು, "ಅಪ್ಪಾ, ಉತ್ತರ ಗೊತ್ತಿದ್ದರೂ ಸುಮ್ಮನೆ ಕೂರುವುದು ಹೇಗೆ?" ಎಂದು ಕೇಳಿದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಮೊದಲ ದಿನ ಅಕ್ಕೋರು ಶಾಲೆಯ ಬಗ್ಗೆ ಏನನ್ನೂ ಕೇಳಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳನ್ನು ಅವಳ ಮುಂದಿಟ್ಟು, "ಒಂದೊಂದರ ಮೇಲೆ ಒಂದೊಂದು ನಿಯಮ ಬರೆ ಕೂಸೇ" ಎಂದರು. ಮಳೆ ಹೊಯ್ಯುತ್ತಿತ್ತು. ಇವಳು ಹೊಟ್ಟೆಯ ಮೇಲೆ ಮಲಗಿ ಬರೆಯುತ್ತಲೇ ಹೋದಳು. ಒಟ್ಟು ಹದಿನೇಳು ಚೀಟಿ. ಸಾಲಿನಲ್ಲಿ ನಡೆಯಬೇಕು. ಎರಡು ಜಡೆ ಹಾಕಬೇಕು. ಮುಂದಿನ ಪಾಠ ಓದಬಾರದು. ಲೆಕ್ಕ ಮುಗಿದವರು ಕೈಕಟ್ಟಿ ಕೂರಬೇಕು. ಆಮೇಲೆ ಇಬ್ಬರೂ ಸೇರಿ ಮೂರು ಗುಡ್ಡೆ ಮಾಡಿದರು: ಕಾರಣ ತಿಳಿಯುವಂಥವು, ಕಾರಣ ತಿಳಿಯದಿದ್ದರೂ ಸಹಿಸಬಹುದಾದವು, ನೋವಾಗುವಂಥವು. ಮೆಟ್ಟಿಲಲ್ಲಿ ಓಡಬಾರದು ಎಂಬುದನ್ನು ಮಗಳು ತಾನಾಗಿಯೇ ಮೊದಲ ಗುಡ್ಡೆಗೆ ಹಾಕಿದಳು. ಎರಡನೆಯದರಲ್ಲೇ ಹೆಚ್ಚು ಚೀಟಿಗಳಿದ್ದವು.

ಮೂರನೆಯದರಲ್ಲಿ ಎರಡೇ. ಕನ್ನಡ ಮಾತನಾಡಿದರೆ ಹತ್ತು ರೂಪಾಯಿ ದಂಡ. ನಡುವೆ ಪ್ರಶ್ನೆ ಕೇಳಿದರೆ ಬಾಗಿಲ ಹೊರಗೆ ನಿಲ್ಲಬೇಕು. ಅಕ್ಕೋರು ಆ ಎರಡನ್ನು ಎತ್ತಿ ನನ್ನ ಕೈಗಿಟ್ಟು ಮಗಳಿಗೆ ಹೇಳಿದರು: "ಇವು ನಿನ್ನ ಕೆಲಸ ಅಲ್ಲ. ಅಪ್ಪನ ಕೆಲಸ." ಮಗಳು ನನ್ನ ಮುಖ ನೋಡಿದಳು. ಅಲ್ಲಿಯವರೆಗೆ ನಾನು ಅವಳಿಗೆ ಹೇಳುತ್ತಿದ್ದುದು "ಸ್ವಲ್ಪ ಹೊಂದಿಕೊಂಡು ಹೋಗು" ಎಂದಷ್ಟೇ. ಹದಿನೇಳನ್ನೂ ಅವಳ ತಲೆಯ ಮೇಲೇ ಹೊರಿಸಿದ್ದೆ.

ಶಾಲೆಯವರೊಂದಿಗೆ ಮಾತನಾಡುವ ಬಗೆಯನ್ನೂ ಅವರೇ ಹೇಳಿಕೊಟ್ಟರು. ಮೊದಲು ತರಗತಿ ಶಿಕ್ಷಕಿಯನ್ನು ಕಾಣಿ, ಧ್ವನಿ ಏರಿಸಬೇಡಿ, ಕೇಳುವುದನ್ನು ಬರೆದುಕೊಂಡು ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದು ನನಗೆ ತಿಳಿದದ್ದು ಆ ಜಗಲಿಯಲ್ಲೇ. ಎರಡು ಭೇಟಿಗಳ ನಂತರ ಹೊರಗೆ ನಿಲ್ಲಿಸುವುದು ನಿಂತಿತು. ದಂಡ ಹೋಗಿ ಡೈರಿಯಲ್ಲಿ ಬರೆಯುವುದು ಬಂದಿದೆ. ನನಗೆ ಅದೂ ಒಪ್ಪಿಗೆಯಿಲ್ಲ, ಮತ್ತೆ ಹೋಗುವವನಿದ್ದೇನೆ.

ಉಳಿದ ನಿಯಮಗಳ ನಡುವೆ ಉಸಿರಾಡಲು ಮಗಳಿಗೆ ಸಿಕ್ಕಿದ್ದು ಒಂದು ಪ್ರಶ್ನೆ ಪುಸ್ತಕ. ತರಗತಿಯಲ್ಲಿ ದಿನಕ್ಕೆ ಒಂದೇ ಪ್ರಶ್ನೆ, ಅದೂ ಪಾಠ ಮುಗಿದ ಮೇಲೆ. ಮಿಕ್ಕವು ಪುಸ್ತಕಕ್ಕೆ. ಕೈಕಟ್ಟಿ ಕೂತ ಹೊತ್ತಿನಲ್ಲಿ ಯಾವ ಪ್ರಶ್ನೆ ಬರೆಯಲಿ ಎಂದು ಯೋಚಿಸುತ್ತಾಳಂತೆ. "ಕೊಳೆ ಔಷಧಿ ನೀಲಿ ಯಾಕೆ?" ಎಂದು ಒಮ್ಮೆ ಬರೆದುಕೊಂಡು ಬಂದಳು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಔಷಧಿ ಅದು. ರಾತ್ರಿ ಊಟದ ನಂತರ ಅದಕ್ಕೆ ಬೆರೆಸುವ ಮೈಲುತುತ್ತದ ಹರಳನ್ನು ನೀರಿಗೆ ಹಾಕಿ, ಅದರಲ್ಲಿ ತಾಮ್ರವಿದೆ ಎಂದು ತೋರಿಸಿದೆ. ಕೂಡಲೇ ಮತ್ತೆ ಎರಡು ಪ್ರಶ್ನೆ ಹುಟ್ಟಿದವು.

ಕೊರತೆಗಳೂ ಇವೆ. ಅಕ್ಕೋರು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಮಾತ್ರ ಸಿಗುತ್ತಾರೆ, ಫೋನ್ ಎತ್ತುವುದೇ ಅಪರೂಪ. ಮುಂದಿನವರು ಕಾಯಲು ಪ್ರತ್ಯೇಕ ಜಾಗವಿಲ್ಲ, ಹಾಗಾಗಿ ನಮ್ಮ ಮಾತು ಅವರಿಗೂ ಕೇಳಿಸುತ್ತದೆ. ಇದನ್ನು ಅಕ್ಕೋರು ಖಂಡಿತ ಸರಿಪಡಿಸಬೇಕು. ಊಟ, ನಿದ್ದೆ ಕೆಟ್ಟಿರುವ ಮಕ್ಕಳನ್ನು ತಾವು ಇಟ್ಟುಕೊಳ್ಳದೆ ವೈದ್ಯರ ಬಳಿಗೆ ಕಳುಹಿಸುತ್ತಾರೆ, ಅದು ನನಗೆ ಸರಿ ಕಂಡಿದೆ.

ಹೋಗುವವರು ಮಗುವಿನ ಪಾಟಿಚೀಲ ತೆಗೆದುಕೊಂಡು ಹೋಗಬೇಡಿ. ನಮ್ಮದನ್ನು ಅವರು ಚಪ್ಪಲಿಯ ಪಕ್ಕದಲ್ಲೇ ಇಡಿಸಿದರು.