ಇ-ರೀಡರ್: ಕನ್ನಡ ಓದುಗರಿಗೆ ಯಾವುದು?

ತಿಂಗಳಿಗೊಂದು ಪುಸ್ತಕವೂ ಮುಗಿಯದಿದ್ದರೆ ಇ-ರೀಡರ್ (ಇ-ಪುಸ್ತಕ ಓದಲೆಂದೇ ಇರುವ ಸಾಧನ) ಬೇಡ, ಫೋನೇ ಸಾಕು. ಓದುವುದೆಲ್ಲ ಇಂಗ್ಲಿಷ್ ಕಾದಂಬರಿಯಾದರೆ ಅಮೆಜಾನ್‌ನ 6–7 ಇಂಚಿನ ಇ-ರೀಡರ್ ಕಿಂಡಲ್ ಕೊಳ್ಳಿ: ಹಗುರ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತದೆ. ಆದರೆ ಇಪಬ್ (ಇ-ಪುಸ್ತಕಗಳ ಸಾಮಾನ್ಯ ರೂಪ) ಕಡತವನ್ನು ಕೇಬಲ್ ಹಾಕಿ ತುಂಬಿದರೆ ತೆರೆಯದು. ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಕಳಿಸಬೇಕು. ಇನ್ನೊಂದು ಇ-ರೀಡರ್ ಆದ ಕೋಬೊ ಅದನ್ನು ನೇರವಾಗಿ ಓದುತ್ತದೆ.

ಕನ್ನಡವೇ ಮುಖ್ಯವಾದರೆ ಲೆಕ್ಕ ಬೇರೆ. ನಮ್ಮ ಹಳೆಯ ಪುಸ್ತಕಗಳು ಹೆಚ್ಚಾಗಿ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಪುಟವೇ ಚಿತ್ರವಾದ್ದರಿಂದ ಅಕ್ಷರವನ್ನಷ್ಟೇ ದೊಡ್ಡದು ಮಾಡಲಾಗದು. 6 ಇಂಚಿನಲ್ಲಿ ಪುಟ ಕುಗ್ಗಿ ಒತ್ತಕ್ಷರ ಮಸುಕಾಗುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟ ಸರಿಸಬೇಕು. ಬೂಕ್ಸ್‌ನಂತಹ 10 ಇಂಚಿನ ಆಂಡ್ರಾಯ್ಡ್ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಸಾಧನದಲ್ಲಿ ಈ ತಾಪತ್ರಯವಿಲ್ಲ. ಮೈಲ್ಯಾಂಗ್‌ನಂತಹ ಕನ್ನಡ ಪುಸ್ತಕಗಳ ಆ್ಯಪ್‌ಗಳನ್ನೂ ಹಾಕಿಕೊಳ್ಳಬಹುದು. ಬೆಲೆ ಹೆಚ್ಚು, ಚಾರ್ಜ್ ಬೇಗ ಇಳಿಯುತ್ತದೆ. ಆದರೂ ನಮ್ಮ ಆಯ್ಕೆ ಇದೇ.

ಬಣ್ಣದ ಪರದೆ ಬೇಡ. ಬಣ್ಣದ ಇ-ಇಂಕ್ ಪರದೆಯಾದ ಕೆಲಿಡೊ 3ರಲ್ಲಿ ಕಪ್ಪು-ಬಿಳುಪು 300 ಪಿಪಿಐ (ಇಂಚಿಗೆ ಚುಕ್ಕಿಗಳ ಲೆಕ್ಕ; ಹೆಚ್ಚಿದ್ದಷ್ಟೂ ಸ್ಪಷ್ಟ), ಬಣ್ಣ 150 ಮಾತ್ರ, ಹಿನ್ನೆಲೆಯೂ ಮಂಕು.