ನಾಲ್ಕು ದನಿಯ ‘ಆವೆ ಮರಿಯಾ’: ಒಂದು ಸಿ.ಡಿ.ಯ ವಿಮರ್ಶೆ

ಯುರೋಪಿನ ರಿನೈಸಾನ್ಸ್ (ಪುನರುಜ್ಜೀವನ) ಕಾಲದ ಸಂಗೀತಕಾರ ಜೋಸ್ಕಿನ್ ದೆ ಪ್ರೇ ರಚಿಸಿದ ಮೊಟೆಟ್‌ಗಳ, ಅಂದರೆ ಹಲವು ದನಿಗಳು ಹೆಣೆದು ಹಾಡುವ ಲ್ಯಾಟಿನ್ ಭಕ್ತಿಗೀತೆಗಳ, ಈ ಸಿ.ಡಿ.ಯನ್ನು ಆನ್‌ಲೈನ್ ಅಂಗಡಿಯೊಂದರಿಂದ ಕಲಬುರಗಿಗೆ ತರಿಸಿಕೊಂಡೆ. ಡಬ್ಬಿಯ ಮೂಲೆ ಸೀಳಿತ್ತು. ಡಿಸ್ಕಿಗೆ ಗೀರು ಬಿದ್ದಿರಲಿಲ್ಲವಾದ್ದರಿಂದ ಹಿಂದಿರುಗಿಸುವ ಗೋಜಿಗೆ ಹೋಗಲಿಲ್ಲ. ಬೇಸರ ತರಿಸಿದ್ದು ಒಳಗಿನ ಪುಸ್ತಿಕೆ. ಗಾಯಕರ ಚಿತ್ರಗಳಿಗೆ ಧಾರಾಳವಾಗಿ ಪುಟ ಬಿಟ್ಟವರು ಲ್ಯಾಟಿನ್ ಸಾಹಿತ್ಯದ ಒಂದು ಸಾಲನ್ನೂ ಅಚ್ಚು ಮಾಡಿಲ್ಲ.

ಮೊದಲ ಟ್ರ್ಯಾಕ್, ಯೇಸುವಿನ ತಾಯಿ ಮರಿಯಾಳ ಸ್ತುತಿಯಾದ ‘ಆವೆ ಮರಿಯಾ, ವಿರ್ಗೊ ಸೆರೇನಾ’ (ಮರಿಯಾ, ಪ್ರಶಾಂತ ಕನ್ಯೆಯೇ, ವಂದನೆ) ಒಂದಕ್ಕಾಗಿಯೇ ಇದನ್ನು ಕೊಳ್ಳಬಹುದು. 1502ರಲ್ಲಿ ವೆನಿಸ್‌ನಲ್ಲಿ ಮುದ್ರಕ ಪೆಟ್ರುಚ್ಚಿ ಅಚ್ಚು ಮಾಡಿದ ಮೊಟೆಟ್ ಸಂಗ್ರಹ ಆರಂಭವಾಗುವುದೇ ಈ ಕೃತಿಯಿಂದ. ನಮ್ಮ ಕಡೆಯ ಭಜನೆ, ತತ್ವಪದಗಳಲ್ಲಿ ಮುಂದೆ ಹಾಡುವವರು ಸಾಲು ಮುಗಿಸಿದ ಮೇಲೆ ಹಿಂದಿನವರೆಲ್ಲ ಒಂದೇ ದನಿಯಾಗಿ ಅದನ್ನು ಎತ್ತಿಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ: ಮೇಲ್ದನಿ ಎತ್ತಿದ ಸಾಲು ತುದಿ ಮುಟ್ಟುವ ಮೊದಲೇ ಅದರ ಕೆಳಗಿನ ದನಿ ಆಲ್ಟೊ ಅದನ್ನು ಹಿಡಿಯುತ್ತದೆ, ಅಲ್ಲಿಂದ ಇನ್ನೂ ಕೆಳಗಿನ ಟೆನರ್, ಕೊನೆಗೆ ಎಲ್ಲಕ್ಕೂ ಕೆಳಗಿನ ಬಾಸ್, ಹೀಗೆ ಒಂದೊಂದೇ ಮಾತು ಮೆಟ್ಟಿಲಿಳಿದು ಬರುತ್ತಿದ್ದು, ‘ವಿರ್ಗೊ ಸೆರೇನಾ’ ಎಂಬಲ್ಲಿಗೆ ತಲುಪಿದಾಗಲೇ ನಾಲ್ಕೂ ದನಿಗಳು ತುಂಬಿ ಒಟ್ಟಿಗೆ ಕೇಳಿಸುತ್ತವೆ. ಪಕ್ಕವಾದ್ಯವಿಲ್ಲ, ತಾಳವಿಲ್ಲ. ಧ್ವನಿಮುದ್ರಣದಲ್ಲಿ ಒಂದು ದನಿ ಇನ್ನೊಂದನ್ನು ಮುಚ್ಚದಿರುವುದರಿಂದ ಬೇಕಾದ ದನಿಯ ಬೆನ್ನು ಹತ್ತಿ ಕೇಳಬಹುದು. ನಾನು ಮೂರು ದಿನ ಬರೀ ಟೆನರನ್ನೇ ಹಿಂಬಾಲಿಸಿದೆ.

ಹಾಗೆ ಹಿಂಬಾಲಿಸಿದ್ದರಿಂದಲೇ ‘ಆವೆ ವೇರಾ ವಿರ್ಜಿನಿತಾಸ್’ ಎಂಬ ಚರಣದ ಗುಟ್ಟು ತಿಳಿಯಿತು. ನಡೆ ಮೂರರ ಎಣಿಕೆಗೆ ಹೊರಳುತ್ತದೆ, ನಾಲ್ವರೂ ಜೊತೆಜೊತೆಯಾಗಿ ಮಾತು ನುಡಿಯುತ್ತಿರುವಂತೆ ತೋರುತ್ತದೆ. ಆದರೆ ಟೆನರ್ ಮೇಲ್ದನಿಯ ಧಾಟಿಯನ್ನೇ ಪಂಚಮದಷ್ಟು ಕೆಳಗಿನಿಂದ, ಒಂದೇ ಒಂದು ಮಾತ್ರೆ ಹಿಂದೆ ನಿಂತು ಹಾಡುತ್ತಿರುತ್ತದೆ.

ಕೊನೆಯ ‘ಓ ಮಾತೆರ್ ದೇಯಿ, ಮೆಮೆಂಟೊ ಮೇಯಿ’ಯಲ್ಲಿ ಈ ಹೆಣಿಗೆಯೆಲ್ಲ ಕಳಚಿ, ಉದ್ದನೆಯ ಸ್ವರಗಳಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ದೇವಮಾತೆಯನ್ನು ಬೇಡುವ ಮಾತು ‘ನಮ್ಮನ್ನು ನೆನೆ’ ಎಂದಲ್ಲ, ‘ನನ್ನನ್ನು ನೆನೆ’ ಎಂದು. ನಮ್ಮಲ್ಲಿ ಪದಕಾರ ಅಂಕಿತ ಹಾಕುವ ಜಾಗವದು. ಅಂಥಲ್ಲಿ ಈ ಗಾಯಕರು ಕೇಳಿಸಿಯೂ ಕೇಳಿಸದಷ್ಟು ದನಿ ತಗ್ಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ, ಬೇಡಿಕೆ ಪಿಸುಮಾತಾಗಿಬಿಟ್ಟಿದೆ.

ಉಳಿದ ಟ್ರ್ಯಾಕ್‌ಗಳ ಹಾಡುಗಾರಿಕೆ ಅಚ್ಚುಕಟ್ಟಾಗಿದೆ. ಮೊಬೈಲಿನ ಸ್ಪೀಕರಿನಲ್ಲಿ ಬಾಸ್ ಮಾಯವಾಗುವುದರಿಂದ ಹೆಡ್‌ಫೋನ್ ಬೇಕೇ ಬೇಕು. ಸಾಹಿತ್ಯವನ್ನು ಬೇರೆಡೆಯಿಂದ ಹುಡುಕಿ, ಕೈಯಲ್ಲೇ ಬರೆದು ಡಬ್ಬಿಯೊಳಗೆ ಮಡಚಿಟ್ಟಿದ್ದೇನೆ.