ವಾಲ್ ಟೆಂಟ್ ತರಿಸುವ ಮುಂಚೆ ಒಂದು ತಕ್ಕಡಿ ತೆಗೆದಿಡಿ

ಅಂದಿನ ಸಿಪಾಯಿಗಳ ವೇಷ ಹಾಕಿ ನಡೆಸುವ ಅಮೆರಿಕದ ಅಂತರ್ಯುದ್ಧದ ಮರುನಟನೆ ಶಿಬಿರಗಳಿಗೆಂದು ಕ್ಯಾನ್ವಾಸ್ ವಾಲ್ ಟೆಂಟ್, ಅಂದರೆ ಪಕ್ಕಗಳಲ್ಲಿ ನೇರ ಗೋಡೆಯಿರುವ ಡೇರೆ, ಕೊಳ್ಳಲು ಹೊರಟಿದ್ದೀರಾ? ದುಡ್ಡು ಕಟ್ಟುವ ಮುಂಚೆ ಇದನ್ನು ಪೂರ್ತಿ ಓದಿ. "9 ಅಡಿ ಚೌಕ, 12 ಔನ್ಸ್ ಅಪ್ಪಟ ಹತ್ತಿ, 1860ರ ದಶಕದ ಅಧಿಕಾರಿಗಳ ಡೇರೆಯ ಪಡಿಯಚ್ಚು" ಎಂಬ ವಿವರಣೆ ನಂಬಿ ಆನ್‌ಲೈನ್‌ನಲ್ಲಿ ತರಿಸಿದ ಒಂದು ಡೇರೆ, ಮೂರು ದಿನದ ಶಿಬಿರದ ಎರಡನೇ ರಾತ್ರಿಗೇ ನೆತ್ತಿಯಲ್ಲಿ ಹರಿಯಿತು. ಪೆನ್ಸಿಲ್ವೇನಿಯಾದ ಬಯಲಲ್ಲಿ ಜುಲೈ ಎಂದರೆ ಹಗಲೆಲ್ಲ ಬೆವರು, ಸಂಜೆಗೆ ಗುಡುಗು ಮಳೆ. ಅದನ್ನು ತಡೆಯಲಾರದ ಡೇರೆ ಯಾತಕ್ಕೂ ಬಾರದು. ಮಾರಿದವರ ಹೆಸರು ಇಲ್ಲಿ ಬೇಡ. ಇಂಥ ಮಾಲು ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ಹಾಗಾಗಿ ಮಾಲನ್ನೇ ಗುರುತು ಹಿಡಿಯುವುದನ್ನು ಕಲಿತರೆ ಹೆಚ್ಚು ಉಪಯೋಗ.

ಮೊದಲು ತೂಕದ ಮಾತು, ಏಕೆಂದರೆ ಮೋಸ ಶುರುವಾದದ್ದೇ ಅಲ್ಲಿ. ಹಗ್ಗ, ಗೂಟ ಎಲ್ಲ ಬಿಚ್ಚಿಟ್ಟು ಬರೀ ಬಟ್ಟೆಯನ್ನು ತೂಗಿದರೆ 19 ಪೌಂಡ್ ಬಂತು. ಈಗ ಲೆಕ್ಕ ಹಾಕಿ. ನೆತ್ತಿಯ ಎತ್ತರ ಎಂಟೂವರೆ ಅಡಿ, ಪಕ್ಕದ ಗೋಡೆ 3 ಅಡಿ 9 ಇಂಚು ಇರುವ 9 ಅಡಿ ಚೌಕದ ಡೇರೆಯಲ್ಲಿ ಮಾಡಿನ ಎರಡೂ ಇಳಿಜಾರು ಸೇರಿ ಸುಮಾರು 118 ಚದರ ಅಡಿ, ಪಕ್ಕದ ಗೋಡೆಗಳು 67, ಹಿಂದಿನ ಮುಂದಿನ ಮುಖಗಳು 110. ಒಟ್ಟು 295 ಚದರ ಅಡಿ, ಅಂದರೆ ಹತ್ತಿರ ಹತ್ತಿರ 33 ಚದರ ಗಜ. ಚದರ ಗಜಕ್ಕೆ 12 ಔನ್ಸ್ ಎಂದರೆ ಬಟ್ಟೆಯೇ 25 ಪೌಂಡ್ ತೂಗಬೇಕು. ಹೊಲಿಗೆಯ ಮಡಿಕೆ, ಬಾಗಿಲಲ್ಲಿ ಒಂದರ ಮೇಲೊಂದು ಬರುವ ಬಟ್ಟೆ, ನೆಲದಂಚಿನ ಪಟ್ಟಿ ಎಲ್ಲ ಸೇರಿದರೆ 27, 28 ಆಗಬೇಕು. 10 ಔನ್ಸ್ ಬಟ್ಟೆಯಾದರೂ 23ರ ಸುಮಾರಿಗೆ ಬರುತ್ತದೆ. 19 ಪೌಂಡ್ ಎಂದರೆ ಕೈಗೆ ಬಂದದ್ದು 8 ಔನ್ಸ್ ಬಟ್ಟೆ.

ಕೇಳಿದಾಗ ಮಾರಿದವರು ಸುಳ್ಳು ಹೇಳಿಲ್ಲ ಎಂದು ವಾದಿಸಿದರು. ಅವರ 12 ಔನ್ಸ್ ಚದರ ಗಜದ ಲೆಕ್ಕವಲ್ಲ, 54 ಇಂಚು ಪನ್ನದ ಬಟ್ಟೆಯ ಒಂದು ಗಜ ಉದ್ದದ ಲೆಕ್ಕ. 54 ಇಂಚು ಎಂದರೆ ಒಂದೂವರೆ ಗಜ ಅಗಲ. 12ನ್ನು ಒಂದೂವರೆಯಿಂದ ಭಾಗಿಸಿದರೆ ಸರಿಯಾಗಿ 8. ಆದ್ದರಿಂದ ಕೊಳ್ಳುವಾಗ "ಎಷ್ಟು ಔನ್ಸ್" ಎಂದಷ್ಟೇ ಕೇಳಬೇಡಿ. ಚದರ ಗಜಕ್ಕೋ ಉದ್ದದ ಗಜಕ್ಕೋ, ಲೇಪ ಹಾಕುವ ಮುಂಚಿನ ತೂಕವೋ ಆಮೇಲಿನದೋ ಎಂದು ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ನೀರು ತಡೆಯುವ ಲೇಪವೂ ತೂಗುತ್ತದೆ, ಬೆಂಕಿ ತಡೆಯುವ ಲೇಪ ಇನ್ನಷ್ಟು ತೂಗುತ್ತದೆ. ತೆಳು ಬಟ್ಟೆಯನ್ನು ಲೇಪದ ಭಾರದಲ್ಲಿ ದಪ್ಪವೆಂದು ತೋರಿಸಲು ಅಷ್ಟು ಸಾಕು. ಗ್ರಾಮ್ ಲೆಕ್ಕದಲ್ಲಿ ಕೊಡುವವರಿದ್ದರೆ 10 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 340 ಗ್ರಾಮ್, 12 ಎಂದರೆ 407.

ತೂಕದಷ್ಟೇ ಮುಖ್ಯವಾದದ್ದು ನೇಯ್ಗೆ. ಡೇರೆಗೆ ಹೇಳಿಮಾಡಿಸಿದ್ದು ಆರ್ಮಿ ಡಕ್ ಎಂಬ ಕ್ಯಾನ್ವಾಸ್: ಹಾಸಿನ ನೂಲೂ ಹೊಕ್ಕಿನ ನೂಲೂ ಎರಡೆಳೆ ಹುರಿ ಮಾಡಿದ್ದು. ಸಿಂಗಲ್ ಫಿಲ್ ಎಂಬ ಅಗ್ಗದ ಬಟ್ಟೆಯಲ್ಲಿ ಹೊಕ್ಕು ಒಂದೇ ಎಳೆಯ ಸಡಿಲ ನೂಲು. ಒಳಮಡಿಕೆಯ ಅಂಚಿನಿಂದ ಒಂದೊಂದು ನೂಲು ಎಳೆದು, ಹೆಬ್ಬೆರಳು ತೋರುಬೆರಳ ನಡುವೆ ಹುರಿಗೆ ಎದುರಾಗಿ ತಿರುಗಿಸಿ ನೋಡಿ. ಒಳ್ಳೆಯ ಬಟ್ಟೆಯ ನೂಲು ಎರಡು ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಈ ಡೇರೆಯ ಹೊಕ್ಕಿನ ನೂಲು ಎರಡು ಸುತ್ತು ತಿರುಗಿಸುವಷ್ಟರಲ್ಲಿ ಹಿಂಜಿದ ಅರಳೆಯಂತೆ ಉದುರಿತು. ಇಂಥ ಬಟ್ಟೆ ಹೆಚ್ಚು ಕುಗ್ಗುತ್ತದೆ, ಬೇಗ ಜೋಲುತ್ತದೆ, ಹೊಲಿಗೆಯ ಸಾಲಿನಲ್ಲಿ ಸೀಳುತ್ತದೆ.

ಸೀಳಿದ್ದು ಹೇಗೆ ಅಂದರೆ, ಲೇಪವಿಲ್ಲದ, ಮೊದಲೇ ಕುಗ್ಗಿಸದ ಹತ್ತಿ ಕ್ಯಾನ್ವಾಸ್ ಮೊದಲ ಸಲ ನೆನೆದು ಒಣಗಿದಾಗ ನೂರಕ್ಕೆ ಐದರಷ್ಟು ಕುಗ್ಗುವುದು ಸಾಮಾನ್ಯ, ಕೆಟ್ಟ ಬಟ್ಟೆ ಇನ್ನೂ ಕುಗ್ಗುತ್ತದೆ. 9 ಅಡಿ ಉದ್ದದ ನೆತ್ತಿಯಲ್ಲಿ ನೂರಕ್ಕೆ ಐದು ಎಂದರೆ ಐದು ಇಂಚಿಗೂ ಹೆಚ್ಚು. ನೆತ್ತಿಯನ್ನು ಹೊರುವ ತೊಲೆಯನ್ನೋ ವಿವರಣೆಯಲ್ಲಿದ್ದ ಅಳತೆಗೆ ಸರಿಯಾಗಿ ಮೊದಲೇ ಕತ್ತರಿಸಿ ಆಗಿತ್ತು. ಮೊದಲ ಸಂಜೆಯ ಮಳೆಗೆ ಬಟ್ಟೆ ನೆನೆಯಿತು, ಮರುದಿನದ ಬಿಸಿಲಿಗೆ ಒಣಗಿ ಎಳೆದುಕೊಂಡಿತು. ನೆತ್ತಿಯ ಎರಡೂ ತುದಿಯ ಕಣ್ಣುಗಳು (ಮೊಳೆ ತೂರಿಸುವ ತೂತುಗಳು) ಕಂಬದ ಕಬ್ಬಿಣದ ಮೊಳೆಗೆ ಸಿಕ್ಕಿಕೊಂಡಿದ್ದವು, ತೊಲೆಯ ಉದ್ದವೋ ಒಂದಿಷ್ಟೂ ಕುಗ್ಗದು. ಎರಡನೇ ರಾತ್ರಿಯ ಗಾಳಿಗೆ ಮುಂದಿನ ಕಣ್ಣು ಕಿತ್ತುಬಂದು ಹೊಲಿಗೆ ಒಂದು ಗೇಣು ಬಿಚ್ಚಿತು. ಕಣ್ಣಿನ ಸುತ್ತ ಇರಬೇಕಿದ್ದ ಎರಡು ಮೂರು ಪದರದ ಒತ್ತುಬಟ್ಟೆ ಇರಲೇ ಇಲ್ಲ. ಒಂಟಿ ಪದರಕ್ಕೆ ತಗಡಿನ ಬಳೆ ಒತ್ತಿದ್ದರು, ಅಷ್ಟೆ. ಅತ್ತ ಗೋಡೆಗಳೂ ಎರಡು ಇಂಚು ಮೇಲೆ ಸರಿದು, ನೆಲದ ನೀರು ಹಾಸಿಗೆಯ ಕೆಳಗೆ ಬಂದಿತ್ತು.

ಹಾಗಾಗಿ, ಮೊದಲೇ ಕುಗ್ಗಿಸಿ ನೀರಿಗೂ ಬೂಷ್ಟಿಗೂ ಲೇಪ ಕೊಟ್ಟ ಬಟ್ಟೆಯನ್ನೇ ಕೇಳಿ. ಸನ್‌ಫೋರ್ಜರ್ ಎಂಬ ಹೆಸರಿನಲ್ಲಿ ಬರುವುದು ಈ ಬಗೆಯದು. ಅದು ಕೈಗೆಟುಕದಿದ್ದರೆ, ಲೇಪವಿಲ್ಲದ್ದನ್ನು ಕೊಂಡರೂ ಕಂಬ ತೊಲೆಗಳನ್ನು ತಡವಾಗಿ ಕತ್ತರಿಸಿ. ಮನೆಯಂಗಳದಲ್ಲಿ ಡೇರೆಯನ್ನು ಸಡಿಲವಾಗಿ ಕಟ್ಟಿ, ಪೈಪಿನಿಂದ ಒಳಹೊರಗು ತೊಯ್ಯುವಷ್ಟು ನೀರು ಬಿಟ್ಟು, ಪೂರ್ತಿ ಒಣಗಲು ಬಿಡಿ. ಹೀಗೆ ಎರಡು ಮೂರು ಸಲ. ನೆನೆದ ಹತ್ತಿ ಉಬ್ಬಿ ನೇಯ್ಗೆಯ ಸಂದುಗಳನ್ನೂ ಸೂಜಿಯ ತೂತುಗಳನ್ನೂ ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ಸಲ ಹೊಲಿಗೆಯಲ್ಲಿ ಜಿನುಗಿದರೆ ಗಾಬರಿ ಬೇಡ, ಮೂರನೇ ಸಲವೂ ಜಿನುಗಿದರೆ ಗಾಬರಿಯಾಗಬೇಕಾದ್ದೇ. ಕುಗ್ಗಿ ನಿಂತ ಮೇಲೆ ನೆತ್ತಿ ಅಳೆದು ತೊಲೆ ಕತ್ತರಿಸಿ, ಗೋಡೆಯ ಅಂಚು ನೆಲ ಮುಟ್ಟುವಂತೆ ಕಂಬ ಕತ್ತರಿಸಿ.

ಕಂಬಗಳ ವಿಷಯದಲ್ಲೂ ಹುಷಾರು. ಜಾಹೀರಾತಿನ ಚಿತ್ರದಲ್ಲಿ ಡೇರೆ ನಿಂತಿರುತ್ತದೆ, ಬೆಲೆ ಮಾತ್ರ ಬರೀ ಬಟ್ಟೆಯದು. ಕಂಬ, ತೊಲೆ, ಗೂಟ, ಹಗ್ಗ, ಮೇಲಿನ ಎರಡನೇ ಮಾಡು ಎಲ್ಲ ಬೇರೆ ಬೇರೆ, ಉದ್ದದ ಮರಕ್ಕೆ ಸಾಗಾಟದ ಖರ್ಚು ದುಬಾರಿ. ಕಂಬವನ್ನು ನಿಮ್ಮೂರಿನ ಮರದಂಗಡಿಯಲ್ಲೇ ಮಾಡಿಸಿಕೊಳ್ಳುವುದು ಮೇಲು. ಈ ಡೇರೆಯ ಜೊತೆ ಬಂದ ತೊಲೆ ಎರಡಿಂಚಿಗೆರಡಿಂಚಿನ ಪೈನ್, ನಡುವೆ ತಗಡಿನ ಕೊಳವೆಯ ಜೋಡಣೆ. ಅಂಗಡಿಯಲ್ಲಿ ಎರಡಿಂಚು ಎಂದು ಕರೆಯುವುದರ ನಿಜವಾದ ಅಳತೆ ಒಂದೂವರೆ ಇಂಚು. ನೆನೆದ ಬಟ್ಟೆಯ ಭಾರಕ್ಕೆ ಅದು ನಡುವಲ್ಲಿ ಜೋತುಬಿತ್ತು, ಜೋತಲ್ಲಿ ನೀರು ನಿಂತಿತು. ಎರಡಕ್ಕೆ ನಾಲ್ಕರ ಮರವನ್ನು ಅಂಚಿನ ಮೇಲೆ ನಿಲ್ಲಿಸಿ ತೊಲೆ ಮಾಡಿದರೆ ಅದೇ ಅಗಲಕ್ಕೆ ಬಗ್ಗದಿರುವ ಶಕ್ತಿ ಹನ್ನೆರಡು ಪಟ್ಟಿಗೂ ಹೆಚ್ಚು, ಏಕೆಂದರೆ ಅದು ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಮೇಲಂಚನ್ನು ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಬಟ್ಟೆಯನ್ನು ಕೊರೆಯುತ್ತದೆ. ಕಂಬದ ತಲೆಗೆ ಅರ್ಧ ಇಂಚಿನ ಉಕ್ಕಿನ ಮೊಳೆ, ಅದರ ಸುತ್ತ ಮರ ಸೀಳದಂತೆ ಕಬ್ಬಿಣದ ಪಟ್ಟಿ. ಎರಡನೇ ಮಾಡು ಹಾಕುವುದಿದ್ದರೆ ಮೊಳೆ ಅದರ ಕಣ್ಣಿಗೂ ಸಿಗುವಷ್ಟು ಉದ್ದವಿರಲಿ.

ಬೇಟೆಗಾರರ ವಾಲ್ ಟೆಂಟ್ ಬೇರೆ, ಮರುನಟನೆಯ ವಾಲ್ ಟೆಂಟ್ ಬೇರೆ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಹುಡುಕುವಾಗ ಎರಡೂ ಕಲೆಸಿ ಬರುತ್ತವೆ. ಒಲೆಯ ಹೊಗೆಕೊಳವೆಗೆಂದು ಮಾಡಿನಲ್ಲಿ ಬೆಂಕಿ ತಡೆಯುವ ಉಂಗುರ, ಬಲೆ ಹಾಕಿದ ಕಿಟಕಿ, ನೆಲದಂಚಿಗೆ ವಿನೈಲ್ ಪಟ್ಟಿ, ಒಳಗೆ ಲೋಹದ ಕೊಳವೆಯ ಚೌಕಟ್ಟು ಇದ್ದರೆ ಅದು ಬೇಟೆಗಾರರದು. ಈ ಡೇರೆಯ ಬಾಗಿಲಿಗೆ ಜಿಪ್ ಇತ್ತು. ನಾವಿಂದು ಬಳಸುವ ಬಗೆಯ ಜಿಪ್ಪನ್ನು ಗಿಡಿಯನ್ ಸುಂಡ್‌ಬ್ಯಾಕ್ ರೂಪಿಸಿದ್ದೇ 1913ರಲ್ಲಿ. ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ 1863ರ ಜುಲೈಯದು. ಐವತ್ತು ವರ್ಷ ಮುಂದಿನ ವಸ್ತುವನ್ನು ಬಾಗಿಲಿಗೆ ಹೊಲಿದು ಪಡಿಯಚ್ಚು ಎಂದು ಕರೆಯುವುದು ಆ ಕಾಲವನ್ನು ಪ್ರೀತಿಯಿಂದ ಓದಿಕೊಂಡು ಬರುವವರಿಗೆ ಮಾಡುವ ಅನ್ಯಾಯ. ಬಾಗಿಲಿಗೆ ಕಟ್ಟುವ ದಾರವೋ ಪಟ್ಟಿಯೋ ಇರಬೇಕು, ಬಟ್ಟೆ ಬಿಳಿಯದ್ದೋ ಕೆನೆಬಣ್ಣದ್ದೋ ಇರಬೇಕು, ಹಗ್ಗ ಬಿಗಿಮಾಡುವ ಜಾರುತುಂಡುಗಳು ಮರದವು ಆಗಬೇಕು. ಹಸಿರು, ಖಾಕಿ, ನೈಲಾನ್, ಪ್ಲಾಸ್ಟಿಕ್ ಯಾವುದೂ ಕೂಡದು.

ಇನ್ನೊಂದು ಮಾತನ್ನು ಮಾರುವವರು ಯಾರೂ ಹೇಳುವುದಿಲ್ಲ. ನೀವು ಸಾಮಾನ್ಯ ಸಿಪಾಯಿಯ ವೇಷ ಹಾಕುವವರಾದರೆ ವಾಲ್ ಟೆಂಟ್ ನಿಮಗೆ ಬೇಕಾಗಿಯೇ ಇಲ್ಲ. ಅದು ಅಧಿಕಾರಿಗಳದು, ಆಸ್ಪತ್ರೆಯದು. ಯುದ್ಧದ ನಡುಗಾಲದಿಂದ ಯೂನಿಯನ್ (ಉತ್ತರದ ಪಕ್ಷದ) ಸಿಪಾಯಿಗಳು ಹೊತ್ತು ನಡೆದದ್ದು ಇಬ್ಬರು ತಮ್ಮ ತಮ್ಮ ಅರ್ಧಗಳನ್ನು ಗುಂಡಿ ಹಾಕಿ ಜೋಡಿಸುವ ಪುಟ್ಟ ಡೇರೆ. ಅದು ಅಗ್ಗ, ಹಗುರ. ಮೊದಲು ನಿಮ್ಮ ದಂಡಿನ ಮುಖ್ಯಸ್ಥರನ್ನು ಕೇಳಿ, ಶಿಬಿರದ ನಿಯಮ ಓದಿ.

ನಿಯಮ ಓದುವಾಗ ಬೆಂಕಿಯ ಷರತ್ತನ್ನೂ ನೋಡಿ. ಕೆಲವು ಕಡೆ ಸಿಪಿಎಐ-84 ಎಂಬ, ಡೇರೆ ಬಟ್ಟೆಯ ಬೆಂಕಿ ನಿರೋಧದ ಮಾನದಂಡದ ಚೀಟಿ ಹೊಲಿದ ಡೇರೆಯನ್ನೇ ಕೇಳುತ್ತಾರೆ. ಈ ಡೇರೆಯ ಚೀಟಿಯಲ್ಲಿ ಬೆಂಕಿ ನಿರೋಧಕ ಎಂದಷ್ಟೇ ಇತ್ತು, ಯಾವ ಮಾನದಂಡವೆಂದು ಇರಲಿಲ್ಲ, ಅಂಥ ಚೀಟಿಗೆ ಬೆಲೆಯಿಲ್ಲ. ಸರಿಯಾದ ಚೀಟಿ ಇದ್ದರೂ ಬಟ್ಟೆ ಸುಡುವುದಿಲ್ಲವೆಂದು ಅರ್ಥವಲ್ಲ, ಉರಿ ದೂರವಾದ ಮೇಲೆ ಬೇಗ ಆರುತ್ತದೆ ಎಂದಷ್ಟೆ. ಒಳಗೆ ಮೇಣದಬತ್ತಿ ಇಟ್ಟು ಮಲಗಬೇಡಿ.

ಹತ್ತಿಯ, ಸೆಣಬಿನ, ಮನಿಲಾದ ಹಗ್ಗ ನೆನೆದಾಗ ಗಿಡ್ಡವಾಗುತ್ತದೆ. ಬಿಸಿಲಲ್ಲಿ ತಂತಿಯಂತೆ ಬಿಗಿದಿಟ್ಟರೆ ಮಳೆ ಬಂದಾಗ ಗೂಟ ಕೀಳುತ್ತದೆ, ಗೂಟ ಗಟ್ಟಿಯಿದ್ದರೆ ಸೂರಿನ ಬಟ್ಟೆ ಹರಿಯುತ್ತದೆ. ಮೋಡ ಕವಿದ ಕೂಡಲೇ ಒಂದು ಸುತ್ತು ಬಂದು ಜಾರುತುಂಡು ಒಂದೆರಡು ಇಂಚು ಸಡಿಲಿಸಿ. ಮಳೆ ಬರುವಾಗ ಒಳಗಿನಿಂದ ಮಾಡನ್ನು ಮುಟ್ಟಬೇಡಿ, ಮುಟ್ಟಿದ ಜಾಗದಲ್ಲಿ ನೀರು ಒಳಗಿಳಿಯುತ್ತದೆ. ಮುಟ್ಟಿಬಿಟ್ಟರೆ ಬೆರಳನ್ನು ಅಲ್ಲಿಂದ ಗೋಡೆಯವರೆಗೆ ಎಳೆಯಿರಿ, ಹನಿ ಆ ಜಾಡು ಹಿಡಿದು ಇಳಿದುಹೋಗುತ್ತದೆ. ಪೆಟ್ಟಿಗೆ, ಮಂಚ ಯಾವುದೂ ಗೋಡೆಗೆ ತಾಗದಿರಲಿ.

ಡೇರೆ ಬಂದ ದಿನವೇ, ಹುಲ್ಲಿನ ಮೇಲೆ ಹಾಸುವ ಮುಂಚೆ ಪರೀಕ್ಷೆ ಮುಗಿಸಿ. ಒಮ್ಮೆ ಮಣ್ಣು ತಾಗಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ, ಈ ಡೇರೆಯ ದುಡ್ಡು ಹಾಗೆಯೇ ಹೋಯಿತು. ಗ್ಯಾರೇಜಿನಲ್ಲಿ ಶುದ್ಧ ಚಾದರ ಹಾಸಿ ಬಿಚ್ಚಿ. ತೂಗಿ. ನೆತ್ತಿ, ಅಗಲ, ಗೋಡೆ ಅಳೆಯಿರಿ. ಹಗ್ಗದ ಮೇಲೆ ಹಾಕಿ ದೀಪಕ್ಕೆ ಹಿಡಿದು ತೂತು, ತಪ್ಪಿದ ಹೊಲಿಗೆ ನೋಡಿ. ಕಣ್ಣುಗಳ ಸುತ್ತ ಎಷ್ಟು ಪದರವಿದೆ ಎಂದು ಬೆರಳಲ್ಲಿ ಎಣಿಸಿ. ಒಳಮಡಿಕೆಯಿಂದ ಒಂದು ನೂಲು ತೆಗೆದು ಹೊರಗೆ ಹೋಗಿ ಇಕ್ಕುಳದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ತುದಿ ಕರಗಿ ಗಟ್ಟಿ ಮಣಿಯಾಗುತ್ತದೆ. ಪ್ರತಿಯೊಂದರ ಫೋಟೋ ತೆಗೆದಿಡಿ, ದುಡ್ಡನ್ನು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿರಿ.

ಶಿಬಿರ ಮುಗಿದ ಮೇಲೆ ಡೇರೆಯನ್ನು ಒದ್ದೆಯಾಗಿ ಮಡಚಿಟ್ಟರೆ ಸೆಕೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಕಷ್ಟಪಟ್ಟರೆ ಹೋದೀತು, ಕಪ್ಪು ಚುಕ್ಕೆ ಹೋಗದು. ಬ್ಲೀಚ್ ಹಾಕಿದರೆ ನೂಲೇ ಕೊಳೆಯುತ್ತದೆ, ಸೋಪಿನ ಪುಡಿ ಲೇಪವನ್ನು ತೊಳೆದುಬಿಡುತ್ತದೆ. ಮಳೆಯಲ್ಲೇ ಬಿಚ್ಚಬೇಕಾಗಿ ಬಂದರೆ ಮನೆ ಸೇರಿದ ಕೂಡಲೇ ಮತ್ತೆ ಕಟ್ಟಿ, ಮಡಿಕೆಯ ಒಳಗಿನ ಹೊಲಿಗೆ ಕೂಡ ಒಣಗುವವರೆಗೆ ಬಿಡಿ. ಹತ್ತಿ ಬಟ್ಟೆ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆ: ಹೂಕುಂಡಗಳ ಚಿತ್ತಾರದ ಹತ್ತಿ ಬಟ್ಟೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಹೋದದ್ದು, ಬಣ್ಣ ಇಂದಿಗೂ ಕಣ್ಣಿಗೆ ಕಾಣುತ್ತದೆ.

ಹರಿದ ಡೇರೆಗೆ ತೇಪೆ ಹಾಕಿಸಲು ಕೊಟ್ಟರೆ ಕ್ಯಾನ್ವಾಸ್ ಹೊಲಿಯುವವರು ಮಾಡಿನ ಬಟ್ಟೆ ಹೊಸ ಹೊಲಿಗೆಯನ್ನು ತಡೆಯುವುದಿಲ್ಲ ಎಂದು ವಾಪಸ್ ಕಳಿಸಿದರು. ಗೋಡೆಗಳು ನೆಲಹಾಸಾದವು. ಮರದ ಜಾರುತುಂಡುಗಳು ಮಾತ್ರ ನಿಜಕ್ಕೂ ಚೆನ್ನಾಗಿದ್ದವು, ಮುಂದಿನ ಡೇರೆಗೆ ಅವನ್ನು ಎತ್ತಿಡಲಾಗಿದೆ.